ಅಮ್ಮನ ಹೆಸರಿನಲ್ಲಿದ್ದ ತೂತು

ಗಾಳಿ ಬೇಕಾದರೆ ಒಂದು ದಿನ ನಿಂತೀತು, ಜೀತಾಳ ಬಾಯಿ ನಿಲ್ಲುವುದಿಲ್ಲ ಎಂದು ಉತ್ತರ ಧ್ರುವದ ಹತ್ತಿರದ ಕಂಗಿಕ್ ಊರಿನಲ್ಲಿ ಒಂದು ಮಾತಿತ್ತು. ಮಾತು ಹುಟ್ಟಿಸಿದವನು ಅವಳ ಸೋದರಮಾವ ಓವೀದ್. ಜೀತಾ ಅದಕ್ಕೆ ಬೇಸರಪಟ್ಟುಕೊಂಡವಳಲ್ಲ. ದಿನವೂ ರೇಡಿಯೊದಲ್ಲಿ ಅದನ್ನೇ ಮೊದಲು ಹೇಳಿ, ಆಮೇಲೆ ಊರಿನ ಸುದ್ದಿಗೆ ಕೈಹಾಕುತ್ತಿದ್ದಳು. ಊರ ರೇಡಿಯೊ ಎಂದರೆ ಕಚೇರಿಯ ಹಿಂಬದಿಯ ಒಂದು ಕೋಣೆ, ಒಂದು ಮೈಕು, ಚಾ ಕಾಯಿಸುವ ಒಂದು ಕೆಟಲ್ಲು. ಯಾರ ಹಿಮಗಾಡಿಯ ಕೀಲಿ ಕಳೆದಿದೆ, ಯಾರ ಮನೆಯಲ್ಲಿ ಸೀಲ್ ಮಾಂಸ ಹಂಚುತ್ತಿದ್ದಾರೆ, ಯಾರ ನಾಯಿ ಯಾರು ಒಣಗಹಾಕಿದ್ದ ಮೀನು ತಿಂದಿತು, ಎಲ್ಲವೂ ಅವಳ ಬಾಯಿಂದಲೇ ಬರಬೇಕು. ಬೇರೆಯವರಾದರೆ ನಾಯಿಯ ಒಡೆಯನ ಹೆಸರನ್ನು ಮರ್ಯಾದೆಗೆ ಬಿಟ್ಟುಬಿಡುತ್ತಿದ್ದರು. ಜೀತಾ ನಾಯಿಯ ಹೆಸರು, ಒಡೆಯನ ಹೆಸರು, ಒಡೆಯನ ಅಪ್ಪನ ಹೆಸರು ಮೂರನ್ನೂ ಹೇಳುತ್ತಿದ್ದಳು.

ವಯಸ್ಸು ಐವತ್ತು ದಾಟಿತ್ತು. ಗಂಡನನ್ನು ಸಮುದ್ರದ ಮಂಜುಗಡ್ಡೆ ನುಂಗಿ ಬಹಳ ಕಾಲವಾಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ಆ ತೀರದಲ್ಲಿ ಬಿಳಿ ಮೊಲಗಳಿಗೇನೂ ಬರವಿರಲಿಲ್ಲ. ಅವಳನ್ನು ಬಗ್ಗಿಸಬಲ್ಲ ಜೀವ ಇಡೀ ಊರಿನಲ್ಲಿ ಒಂದೇ ಇತ್ತು. ಅದು ಅವಳ ತಾಯಿ ಕಿೞುಕ್.

ಕಿೞುಕ್ ಎಂದರೆ ಮರದ ತುಂಡು. ನಮ್ಮಲ್ಲಿ ಯಾರಾದರೂ ಮಗಳಿಗೆ ಕಟ್ಟಿಗೆ ಎಂದು ಹೆಸರಿಟ್ಟರೆ ನಕ್ಕೇವು. ಗಿಡದ ನೆರಳೇ ಕಾಣದ ಆ ತೀರದಲ್ಲಿ, ಸಮುದ್ರ ಎಲ್ಲಿಂದಲೋ ಹೊತ್ತು ತಂದು ಎಸೆದ ಮರದ ತುಂಡಿಗಿಂತ ದೊಡ್ಡ ಭಾಗ್ಯ ಬೇರೆ ಇರಲಿಲ್ಲ. ಈಟಿಯ ಹಿಡಿ, ಜಾರುಬಂಡಿಯ ಅಡ್ಡಪಟ್ಟಿ, ಗುಡಾರದ ಕಂಬ ಎಲ್ಲಕ್ಕೂ ಅದೇ ಬೇಕು. ಆ ಹೆಸರಿನ ನಡುವೆ ಬರುವ ಸದ್ದು, ಹಳಗನ್ನಡ ಓದಿದವರಿಗೆ ಹೊಸದೇನಲ್ಲ; ನಾಲಗೆಯನ್ನು ಹಿಂದಕ್ಕೆ ಮಡಚಿ ಆಡುವ ನಮ್ಮ ೞಕಾರದ ಹತ್ತಿರದ ನೆಂಟ. ನಮ್ಮ ನಾಲಗೆ ಅದನ್ನು ಬಿಟ್ಟು ಶತಮಾನಗಳಾದವು, ಯಾರೂ ಅತ್ತ ಹಾಗೆ ಕಾಣೆ. ಕಂಗಿಕ್ ಸುತ್ತಿನ ಜನರು ಬಿಟ್ಟಿರಲಿಲ್ಲ. ಪಾದ್ರಿಗಳು ತಂದ ಅಕ್ಷರಗಳಲ್ಲಿ ಆ ಸದ್ದಿಗೆ ಗುರುತಿಲ್ಲವೆಂದು ಕಂಡಾಗ, ಹತ್ತಿರದ ಒಂದು ಅಕ್ಷರಕ್ಕೆ ಮೀನಿನ ಗಾಳದಂಥ ಕೊಕ್ಕೆ ಸೇರಿಸಿ ಊರಿನವರೇ ತಮ್ಮದೊಂದು ಮಾಡಿಕೊಂಡಿದ್ದರು. ಕಿೞುಕ್ ತನ್ನ ಮಗಳಿಗೆ ಅದನ್ನು ಕಿಟಕಿಯ ಗಾಜಿನ ಮೇಲೆ ಕಟ್ಟಿದ ಹಿಮದಲ್ಲಿ ಬೆರಳಾಡಿಸಿ ಕಲಿಸಿದ್ದಳು.

ಮುದುಕಿ ಒಂದು ಚಳಿಗಾಲ ತೀರಿಕೊಂಡಳು. ಮುಂದಿನ ಬೇಸಿಗೆ ಜೀತಾಳ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದೇ ರಚ್ಚೆ ಹಿಡಿದ ಮಗು ಯಾರು ಎತ್ತಿಕೊಂಡರೂ ಸುಮ್ಮನಾಗಲಿಲ್ಲ. ಓವೀದ್ ಬಂದು, ಕಿವಿಯಲ್ಲಿ ತನ್ನ ಅಕ್ಕನ ಹೆಸರು ಕರೆದ. ಮಗು ಅಳು ನಿಲ್ಲಿಸಿ ಅವನ ಗಡ್ಡ ಹಿಡಿದುಕೊಂಡಿತು. ಅಲ್ಲಿಗೆ ಎಲ್ಲರಿಗೂ ತಿಳಿಯಿತು, ಕಿೞುಕ್ ಮನೆಗೆ ವಾಪಸು ಬಂದಿದ್ದಾಳೆ ಎಂದು. ಹೋದ ಕಿೞುಕ್‌ಗೂ ಆ ಹೆಸರು ಬಂದದ್ದು ಹಾಗೆಯೇ, ಅವಳಜ್ಜಿಯಿಂದ, ಅಜ್ಜಿಗೆ ಇನ್ಯಾರಿಂದಲೋ. ಮೊಟ್ಟಮೊದಲ ಕಿೞುಕ್ ಯಾರೆಂದು ಯಾರಿಗೂ ಗೊತ್ತಿಲ್ಲ. ಅವಳು ಇನ್ನೂ ಸತ್ತಿಲ್ಲ ಎಂಬುದಷ್ಟೇ ಗೊತ್ತು.

ಆ ಕಡೆ ಇದು ಕಥೆಯಲ್ಲ, ದಿನದ ಬಾಳು. ಅಪ್ಪನೇ ಮಗಳನ್ನು ಅಮ್ಮ ಎಂದು ಕರೆಯುತ್ತಿದ್ದ. ಹಲ್ಲೆಲ್ಲ ಉದುರಿದ ಓವೀದ್ ಅವಳನ್ನು ಅಕ್ಕ ಎನ್ನುತ್ತಿದ್ದ, ಒಳ್ಳೆಯ ಮೀನಿನ ತಲೆ ಸಿಕ್ಕರೆ ಮೊದಲು ಅಕ್ಕನ ಮುಂದಿಡುತ್ತಿದ್ದ. ಅವಳೂ ಅಷ್ಟೇ ಗತ್ತಿನಿಂದ ಜೀತಾಳನ್ನು ಮಗಳೇ ಎಂದು ಗದರುತ್ತಿದ್ದಳು. ಜೀತಾ ಚಾಕ್ಕೆ ಸಕ್ಕರೆ ಸುರಿಯುವಾಗ ಮುದುಕಿ ಕೈಗೆ ಹೊಡೆಯುತ್ತಿದ್ದಂತೆಯೇ ಈ ಮಗುವೂ ಹೊಡೆಯುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ ಎಂದು ಜೀತಾ ಆಣೆ ಮಾಡುತ್ತಿದ್ದಳು. ಊರೆಲ್ಲ ಸೇರಿ ಹೇಳಿಕೊಟ್ಟಿದೆ ಎಂದು ಓವೀದ್ ನಗುತ್ತಿದ್ದ.

ಮಗು ಶಾಲೆಗೆ ಸೇರಿದ ವಾರ ಗಲಾಟೆ ಶುರುವಾಯಿತು. ದಕ್ಷಿಣದಿಂದ ಬಂದ ಹೊಸ ಮೇಷ್ಟರು ಪಾಪ ಒಳ್ಳೆಯ ಮನುಷ್ಯ. ಪ್ರತಿ ಮಗುವಿನ ಮೇಜಿಗೂ ಅದರ ಹೆಸರನ್ನು ಊರಿನ ಅಕ್ಷರದಲ್ಲೇ ಕಂಪ್ಯೂಟರಿನಿಂದ ಮುದ್ರಿಸಿ ಅಂಟಿಸಿದ್ದರು. ಎಲ್ಲರ ಹೆಸರೂ ಬಂತು. ಕಿೞುಕ್‌ಳ ಚೀಟಿಯಲ್ಲಿ ಮೊದಲ ಅಕ್ಷರ, ಕೊನೆಯ ಅಕ್ಷರ ಬಂದವು. ನಡುವೆ ಒಂದು ಖಾಲಿ ಚೌಕ.

ಅವಳು ಆ ಚೀಟಿಯನ್ನು ಕಿತ್ತುಕೊಂಡು ರೇಡಿಯೊ ಕೋಣೆಗೆ ಬಂದಳು. ಜೀತಾ ಯಾರದೋ ಹುಟ್ಟುಹಬ್ಬದ ಹಾರೈಕೆ ಓದುತ್ತಿದ್ದಳು.

"ಮಗಳೇ," ಅಂದಳು ಕಿೞುಕ್, "ನನ್ನ ಹೆಸರಲ್ಲಿ ಯಾಕೆ ತೂತು ಬಿದ್ದಿದೆ?"

ಊರಿನವರೆಲ್ಲ ಅದನ್ನು ಕೇಳಿಸಿಕೊಂಡರು, ಮೈಕು ತೆರೆದೇ ಇತ್ತು. ಜೀತಾ ಚೀಟಿ ಹಿಡಿದು ಕುಳಿತೇಬಿಟ್ಟಳು. ರೇಡಿಯೊದಲ್ಲಿ ಕೆಟಲ್ಲು ಕುದಿಯುವ ಸದ್ದಷ್ಟೇ ಬರುತ್ತಿತ್ತು. ಹಾರೈಕೆಗಾಗಿ ಕಾದಿದ್ದವನಿಗೆ ಆ ವರ್ಷ ಹಾರೈಕೆ ಸಿಗಲಿಲ್ಲ.

ಅದೇ ವಾರ ಮಗುವಿಗೆ ಕಿವಿನೋವು ಬಂದು ಜ್ವರ ಏರಿತು. ಚಳಿ ದೇಶದಲ್ಲಿ ಮಕ್ಕಳಿಗೆ ಕಿವಿನೋವು ಬರುವುದೇನೂ ಹೊಸದಲ್ಲ. ಆದರೆ ಹೆಸರು ಸರಿಯಾಗಿಲ್ಲದಿದ್ದರೆ ಮಗು ಸರಿಯಾಗಿ ನಿಲ್ಲುವುದಿಲ್ಲ ಎಂಬುದು ಅಲ್ಲಿನ ಮುದುಕಿಯರ ಮಾತು. ತೂತಿದ್ದ ಚೀಲದಲ್ಲಿ ಎಣ್ಣೆ ನಿಂತೀತೇ ಎಂದು ಒಬ್ಬಳು ಜೀತಾಳ ಮುಖಕ್ಕೇ ಹೇಳಿದಳು. ಜೀತಾ ಅದನ್ನು ಪೂರ್ತಿ ನಂಬಿದಳೋ ಇಲ್ಲವೋ. ಹೆದರಿದ್ದಂತೂ ನಿಜ. ಒಮ್ಮೆ ಕಳೆದುಕೊಂಡ ತಾಯಿಯನ್ನು ಯಂತ್ರದ ದೆಸೆಯಿಂದ ಇನ್ನೊಮ್ಮೆ ಕಳೆದುಕೊಳ್ಳುವುದಕ್ಕೆ ಅವಳು ತಯಾರಿರಲಿಲ್ಲ. ಹೆದರಿಕೆ ಅವಳಲ್ಲಿ ಹೆಚ್ಚು ಹೊತ್ತು ಹೆದರಿಕೆಯಾಗಿ ಉಳಿಯುತ್ತಲೂ ಇರಲಿಲ್ಲ, ಬೇಗ ಸಿಟ್ಟಾಗುತ್ತಿತ್ತು.

ಮೇಷ್ಟರು ಕ್ಷಮೆ ಕೇಳಿ ಒಂದು ದಾರಿ ತೋರಿಸಿದರು. ಪೂರ್ವದ ದೊಡ್ಡ ದ್ವೀಪದವರು ಆ ಜಾಗದಲ್ಲಿ ಬೇರೆ ಸದ್ದು ಆಡುತ್ತಾರೆ, ಕಿಯುಕ್ ಅನ್ನುತ್ತಾರೆ. ಅರ್ಥ ಒಂದೇ, ಆ ಅಕ್ಷರ ಕಂಪ್ಯೂಟರಿನಲ್ಲೂ ಇದೆ, ಅದನ್ನೇ ಹಾಕೋಣವೇ ಎಂದರು.

"ಕಿಯುಕ್ ಅಂದ್ರೆ ಬೇರೆ ಯಾರೋ ಹೆಂಗಸು, ಮೇಷ್ಟ್ರೇ," ಅಂದಳು ಜೀತಾ. "ಅವಳು ಯಾರು, ಎಂಥೋಳು, ನಂಗೊತ್ತಿಲ್ಲ. ನಮ್ಮಮ್ಮನ್ನ ಆಚೆ ಕಳಿಸಿ ಅವಳನ್ನ ಮನೆಯೊಳಗೆ ಕರಕೊಳ್ಳಲಾ?"

ಹೇಳಿದವಳೇ ಮಸಿಪೆನ್ನು ತೆಗೆದು ಆ ಚೌಕದೊಳಗೆ ಕೊಕ್ಕೆಯ ಅಕ್ಷರ ಬರೆದು ಚೀಟಿಯನ್ನು ಮತ್ತೆ ಮೇಜಿಗೆ ಅಂಟಿಸಿದಳು. ಅಂದಿನಿಂದ ಮಗುವೂ ಅದನ್ನೇ ಕಲಿಯಿತು. ಶಾಲೆಯಿಂದ, ಆಸ್ಪತ್ರೆಯಿಂದ, ಎಲ್ಲಿಂದ ಕಾಗದ ಬಂದರೂ ಮೊದಲು ಚೌಕ ಹುಡುಕುವುದು, ಪೆನ್ನು ಹಿಡಿದು ತುಂಬಿಸುವುದು. ಜ್ವರ ಇಳಿಯಿತು. ಜೀತಾಳದು ಇಳಿಯಲಿಲ್ಲ.

ಅವಳು ದಿನವೂ ರೇಡಿಯೊದಲ್ಲಿ ಬಯ್ಯುವುದು ಕಿವಿಗೆ ಬಿದ್ದು, ಸರ್ಕಾರದ ಭಾಷಾ ಕಚೇರಿಯಿಂದ ಮನಾಸಿ ಎಂಬವನು ವಿಮಾನದಲ್ಲಿ ಬಂದಿಳಿದ. ಅವನೂ ಅವರವನೇ, ಆದರೆ ದೊಡ್ಡ ದ್ವೀಪದವನು. ಆ ಕಡೆಯವರು ಬಾಯಲ್ಲಿ ಬಿಸಿ ಮಾಂಸ ಇಟ್ಟುಕೊಂಡು ಮಾತಾಡುತ್ತಾರೆ ಎಂದು ಓವೀದ್ ಅವನೆದುರೇ ಹೇಳಿದ. ಮನಾಸಿ ನಕ್ಕು, ನೆಲದ ಮೇಲೆ ರಟ್ಟು ಹಾಸಿ ಇಟ್ಟಿದ್ದ ಹೆಪ್ಪುಗಟ್ಟಿದ ಮೀನಿಗೆ ಕೂತ. ಜೀತಾ ತನ್ನ ಅರ್ಧಚಂದ್ರದ ಕತ್ತಿಯಿಂದ ಮೀನನ್ನು ಹೋಳು ಮಾಡಿ ಕೊಡುತ್ತಿದ್ದಳು. ಎರಡು ಹೋಳು ತಿಂದು ಅವನು ಬಂದ ವಿಷಯ ತೆಗೆದ.

"ಅಕ್ಕ, ಒಂದೇ ಒಂದು ಅಕ್ಷರ. ಅದಕ್ಕೋಸ್ಕರ ಲೋಕದ ಮೇಲೆಲ್ಲ ಜಗಳ ಯಾಕೆ? ನಾವು ಅದಿಲ್ದೇನೇ ಬದುಕಿಲ್ವಾ?"

"ಒಂದೇ ಒಂದು ಬೆರಳು," ಅಂದಳು ಜೀತಾ, ಕತ್ತಿ ಎತ್ತಿ. "ಇಲ್ಲಿಡು. ಅದಿಲ್ದೇನೂ ಬದುಕ್ತೀಯ."

ಮನಾಸಿ ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಕಂಪ್ಯೂಟರಿಗೆ ಅಕ್ಷರದ ಮುಖ ತಿಳಿಯದು, ಅದಕ್ಕೆ ತಿಳಿಯುವುದು ಸಂಖ್ಯೆ. ಲೋಕದ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡಲು ದೂರದಲ್ಲೊಂದು ಮಂಡಳಿ ಇದೆ. ಸಂಖ್ಯೆ ಪಡೆದ ಅಕ್ಷರ ಎಲ್ಲ ಯಂತ್ರದಲ್ಲೂ ಓಡಾಡುತ್ತದೆ, ಪಡೆಯದ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬೀಳುತ್ತದೆ. ಅಕ್ಷರಗಳನ್ನು ಸೇರಿಸಿದ ಕಾಲದಲ್ಲಿ ಕಂಗಿಕ್ ಜನರನ್ನು ಕೇಳಿದವರಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ತಮಾಷೆ ನೋಡಿ, ನಾವು ಬಿಟ್ಟುಬಿಟ್ಟ ೞಕಾರಕ್ಕೆ ಅಲ್ಲಿ ಸಂಖ್ಯೆ ಇದೆ, ಅದಕ್ಕೇ ನಾನಿದನ್ನು ಬರೆಯುತ್ತಿದ್ದೇನೆ. ಬಿಡದೆ ಬಳಸುತ್ತಿದ್ದವರ ಅಕ್ಷರಕ್ಕೆ ಇರಲಿಲ್ಲ.

ಸಂಖ್ಯೆ ಎಂಬ ಮಾತು ಕೇಳಿ ಜೀತಾ ಎದ್ದು ಒಳಗೆ ಹೋದಳು. ಗುಂಡಿಗಳ ಡಬ್ಬಿಯಿಂದ ದಾರ ಪೋಣಿಸಿದ ಒಂದು ಬಿಲ್ಲೆ ತಂದು ಮನಾಸಿಯ ಮುಂದೆ ಹಾಕಿದಳು. ಅವನಿಗೆ ಅದು ಏನೆಂದು ಹೇಳಬೇಕಾಗಿರಲಿಲ್ಲ, ಅವನ ಮನೆಯಲ್ಲೂ ಅಂಥದೊಂದು ಇತ್ತು. ಹಿಂದೆ ಈ ಜನರ ಹೆಸರು ಬರೆಯುವುದು ಕಷ್ಟವೆಂದು ಸರ್ಕಾರ ಒಬ್ಬೊಬ್ಬರಿಗೂ ನಂಬರು ಕೆತ್ತಿದ ಬಿಲ್ಲೆ ಕೊಟ್ಟಿತ್ತು. ಜೀತಾಳ ತಾಯಿ ಅರ್ಧ ಆಯಸ್ಸು ಕಾಗದಪತ್ರಗಳಲ್ಲಿ ಆ ನಂಬರೇ ಆಗಿದ್ದಳು.

"ಆಗ ಬೇಡದ ನಂಬರ್ ಕುತ್ತಿಗೆಗೆ ಕಟ್ಟಿದ್ರು," ಅಂದಳು ಜೀತಾ. "ಈಗ ಬೇಕಾದ ನಂಬರ್ ಕೊಡಕ್ಕೆ ಆಗಲ್ಲ ಅಂತಾರಾ? ಕೊಡಲಿ. ನಂಗೆ ಬೇಡ, ಅಕ್ಷರಕ್ಕೆ ಕೊಡಲಿ."

ಮನಾಸಿ ಬಿಲ್ಲೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದ. ಮಂಡಳಿಗೆ ಅರ್ಜಿ ನಾನೇ ಬರೆದುಕೊಡುತ್ತೇನೆ, ಆದರೆ ಅಕ್ಷರ ಬಳಕೆಯಲ್ಲಿದೆ ಎಂದು ತೋರಿಸಬೇಕು ಎಂದ.

ಮರುದಿನ ರೇಡಿಯೊದಲ್ಲಿ ಜೀತಾ ಬೇರೆ ಸುದ್ದಿಯನ್ನೇ ಹೇಳಲಿಲ್ಲ. ಕೊಕ್ಕೆಯ ಅಕ್ಷರ ಇರುವ ವಸ್ತು ಯಾರ ಮನೆಯಲ್ಲಿದ್ದರೂ ಕಚೇರಿಗೆ ತನ್ನಿ, ತರದವರ ಹೆಸರನ್ನು ನಾಳೆ ಓದುತ್ತೇನೆ ಎಂದಳು. ಅವಳು ಓದುವವಳೇ ಎಂದು ಊರಿಗೆ ಗೊತ್ತಿತ್ತು. ಸಂಜೆಯೊಳಗೆ ಕಚೇರಿಯಲ್ಲಿ ಕಾಲಿಡಲು ಜಾಗವಿಲ್ಲ. ಒಳಭಾಗದಲ್ಲಿ ಹೆಸರು ಹೊಲಿದ ಚರ್ಮದ ಬೂಟುಗಳು ಬಂದವು, ನಶ್ಯದ ಡಬ್ಬಿಗಳು ಬಂದವು, ಅಂಚಿನಲ್ಲಿ ಪ್ರಾರ್ಥನೆ ಗೀಚಿದ್ದ ಹಿಟ್ಟಿನ ಚೀಲ ಬಂತು. ಓವೀದ್ ಇಡೀ ಜಾರುಬಂಡಿಯನ್ನೇ ಬಾಗಿಲಲ್ಲಿ ತೂರಿಸಲು ನೋಡಿ ಸಿಕ್ಕಿಹಾಕಿಕೊಂಡ. ಅದರ ಅಡ್ಡಪಟ್ಟಿಯ ಮೇಲೆ ಅವನ ಅಕ್ಕ ಕಾದ ಮೊಳೆಯಿಂದ ಸುಟ್ಟು ಬರೆದ ಅವಳ ಹೆಸರಿತ್ತು. ಸಮಾಧಿಯ ಶಿಲುಬೆಗಳನ್ನು ಮಾತ್ರ ಹೊತ್ತು ತರುವುದು ಬೇಡವೆಂದು ಜೀತಾ ರೇಡಿಯೊದಲ್ಲಿ ಎರಡನೇ ಸಲ ಹೇಳಬೇಕಾಯಿತು. ಮನಾಸಿ ಎಲ್ಲದರ ಫೋಟೊ ತೆಗೆದು ಕಳಿಸಿದ.

ಉತ್ತರ ಬರಲು ಚಳಿಗಾಲವೇ ಹಿಡಿಯಿತು. ಬಂದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ವಸ್ತುಗಳು ಬಹಳ ಚೆನ್ನಾಗಿವೆ, ಆದರೆ ಇವನ್ನು ಬರೆದವರೆಲ್ಲ ತೀರಿಕೊಂಡಂತೆ ತೋರುತ್ತದೆ. ಅಕ್ಷರ ಹಿಂದಿನ ಕಾಲದ್ದಿರಬಹುದು. ಈಗ ಬದುಕಿರುವವರು ಬಳಸುತ್ತಾರೆಯೇ? ಜೀತಾ ಓದಿ ಮನಾಸಿಗೆ ಫೋನು ಮಾಡಿದಳು. ಪ್ರತಿ ಹೆಸರಿನ ಮುಂದೆ ತೀರಿಕೊಂಡವರು ಎಂದು ಬರೆದು ಕಳಿಸಿದವನು ಅವನೇ ಎಂದು ತಿಳಿಯಿತು. ಕಚೇರಿಯ ರೂಢಿ, ಅಕ್ಕ, ಎಂದ.

"ಯಾರೋ ಸತ್ತಿದ್ದು? ಅಕ್ಕ ಅಂತ ಓವೀದ್ ಮಾವ ದಿನಾ ಮೀನಿನ ತಲೆ ಯಾರಿಗೆ ಕೊಡ್ತಾನೆ, ದೆವ್ವಕ್ಕಾ? ಮನಾಸಿ ಅನ್ನೋದು ಯಾರ ಹೆಸರು?"

"ನಮ್ಮ ತಾತಂದು."

"ಹಂಗಾದ್ರೆ ನೀನೂ ಸತ್ತಿದೀಯ. ಸತ್ತೋರ ಜೊತೆ ನಾನ್ಯಾಕೆ ಫೋನಲ್ಲಿ ಮಾತಾಡ್ಲಿ?"

ಮನಾಸಿಯ ಅಜ್ಜಿ ಸಾಯುವವರೆಗೂ ಅವನನ್ನು ಗಂಡ ಎಂದೇ ರೇಗಿಸಿ, ಒಳ್ಳೆಯ ಮಾಂಸವನ್ನು ಮೊದಲು ಅವನಿಗೇ ಬಡಿಸುತ್ತಿದ್ದಳು. ಸರ್ಕಾರಿ ಕುರ್ಚಿಯಲ್ಲಿ ಕೂತು ಅದನ್ನು ಮರೆತಿದ್ದೆ ಎಂದು ಒಪ್ಪಿಕೊಂಡ. ಮಂಡಳಿಯವರು ಆ ಅಕ್ಷರ ಬಳಸುವ ಹಿರಿಯರೊಬ್ಬರನ್ನು ಕಂಪ್ಯೂಟರಿನ ಪರದೆಯ ಮೇಲೆ ಮಾತಾಡಿಸಲು ಒಪ್ಪಿದ್ದಾರೆ, ಯಾರನ್ನು ಕರೆಯುತ್ತೀರಿ ಎಂದು ಕೇಳಿದ. ನಮ್ಮಮ್ಮನನ್ನು ಎಂದಳು ಜೀತಾ. ಮನಾಸಿ ಈ ಸಲ ತುಟಿಪಿಟಕ್ಕೆನ್ನದೆ ಹಾಗೆಯೇ ಬರೆದು ಕಳಿಸಿದ: ಸಾಕ್ಷಿ, ಜೀತಾಳ ತಾಯಿ.

ಸೂರ್ಯ ಮುಳುಗುವುದನ್ನೇ ಮರೆಯುವ ದಿನಗಳು ಶುರುವಾಗಿದ್ದವು. ಶಾಲೆಯ ಆಟದ ಹಾಲ್‌ನಲ್ಲಿ ಊರೆಲ್ಲ ಸೇರಿತು. ನೆಲದ ಮೇಲೆ ರಟ್ಟು, ರಟ್ಟಿನ ಮೇಲೆ ಮೀನು, ಎಣ್ಣೆಯಲ್ಲಿ ಕರಿದ ರೊಟ್ಟಿ, ಚಾ. ಎದುರಿನ ಬಿಳಿ ಗೋಡೆಯ ಮೇಲೆ ಮಂಡಳಿಯ ಅಧ್ಯಕ್ಷೆಯ ಮುಖ ಆಳೆತ್ತರ ಮೂಡಿತು. ಕನ್ನಡಕ ಹಾಕಿದ, ಮೆತ್ತಗೆ ಮಾತಾಡುವ ಹೆಂಗಸು. ಇಲ್ಲಿ ಸೇರಿರುವವರಲ್ಲಿ ಈ ಅಕ್ಷರವನ್ನು ಈಗಲೂ ಬರೆಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಮನಾಸಿ ಅದನ್ನು ಅವರ ಮಾತಿನಲ್ಲಿ ಹೇಳಿದ.

ಇಡೀ ಸಭೆ ಹುಬ್ಬು ಏರಿಸಿತು. ಮುದುಕರು, ಹೆಂಗಸರು, ಬಾಯಿತುಂಬ ರೊಟ್ಟಿ ತುಂಬಿಕೊಂಡ ಮಕ್ಕಳು, ಎಲ್ಲರೂ.

ಅಧ್ಯಕ್ಷೆ ಕಾದರು. ಇನ್ನೊಮ್ಮೆ ಕೇಳಿದರು. ಮತ್ತೆ ಎಲ್ಲರ ಹುಬ್ಬೂ ಏರಿತು, ಒಂದು ಸದ್ದಿಲ್ಲ. ಅವರು ಬೇಜಾರಿನ ಮುಖ ಮಾಡಿ, ಉತ್ತರ ಬರಲಿಲ್ಲವೆಂದು ಬರೆದುಕೊಳ್ಳಬೇಕಾಗುತ್ತದೆ ಎಂದರು. ಹುಬ್ಬೇರಿಸಿದರೆ ಹೌದು, ಮೂಗು ಸೊಟ್ಟ ಮಾಡಿದರೆ ಇಲ್ಲ ಎಂಬುದು ಆ ಜನಕ್ಕೆ ಎಷ್ಟು ಸಹಜವೆಂದರೆ, ಲೋಕದಲ್ಲಿ ಯಾರಿಗಾದರೂ ಅದು ತಿಳಿಯದಿದ್ದೀತು ಎಂದು ಮನಾಸಿಗೂ ಹೊಳೆದಿರಲಿಲ್ಲ. ಜೀತಾಳ ಮುಖ ಕೆಂಪಾಯಿತು.

"ಊರೆಲ್ಲ ಹೌದು ಅಂದಿದೆ, ತಾಯಿ," ಎಂದಳು. "ಎರಡು ಸಲ ಅಂದಿದೆ. ಕಿವಿಯಲ್ಲಿ ಕೇಳೋದು ಬಿಟ್ಟು ಕಣ್ಣಲ್ಲಿ ನೋಡಿ."

ಮನಾಸಿ ಅದರ ಮೊನೆ ಮುರಿಯದೆ ಹಾಗೇ ಹೇಳಿದ. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ತಪ್ಪಾಯಿತು ಎಂದು ಒಪ್ಪಿಕೊಂಡು, ಹಾಗಾದರೆ ನಿಮ್ಮ ತಾಯಿಯವರನ್ನು ಕರೆಯಿರಿ ಎಂದರು.

ಎರಡು ಜಡೆಯ ಕಿೞುಕ್ ಬೆರಳಿಗಂಟಿದ ಮೀನಿನ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡು ಎದ್ದು ನಿಂತಳು. ಅಧ್ಯಕ್ಷೆ ಅವಳ ಹಿಂದೆ ಯಾರಾದರೂ ಮುದುಕಿ ಬರುತ್ತಾಳೋ ಎಂದು ನೋಡುತ್ತಿದ್ದರು. ತಾಯಿಯವರಿಗೆ ಮೈ ಸರಿಯಿಲ್ಲವೇ ಎಂದು ಕೇಳಿದರು. ಚೆನ್ನಾಗಿದ್ದಾಳೆ, ನಿಮ್ಮೆದುರೇ ನಿಂತಿದ್ದಾಳೆ ಎಂದಳು ಜೀತಾ. ಮಂಡಳಿಯ ಕಡೆ ಯಾರೋ, ಭಾಷಾಂತರದಲ್ಲಿ ಏನೋ ತಪ್ಪಿರಬೇಕು ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ತಪ್ಪಿಲ್ಲ ಎಂದ ಮನಾಸಿ, ಅಷ್ಟೇ.

ಅಧ್ಯಕ್ಷೆ ತಮ್ಮ ಮುಂದಿದ್ದ ಅರ್ಜಿಯನ್ನು ಪರದೆಗೆ ತಂದರು. ಗೋಡೆಯ ಮೇಲೆ ಅವರ ಮುಖ ಮೂಲೆಗೆ ಸರಿದು, ಸಾಕ್ಷಿಯ ಹೆಸರು ದೊಡ್ಡದಾಗಿ ಮೂಡಿತು. ಮೊದಲ ಅಕ್ಷರ, ಖಾಲಿ ಚೌಕ, ಕೊನೆಯ ಅಕ್ಷರ.

ಕಿೞುಕ್ ಅದನ್ನು ನೋಡಿದಳು. ಯಾರನ್ನೂ ಕೇಳಲಿಲ್ಲ. ಜೀತಾಳ ಚೀಲದಿಂದ ಮಸಿಪೆನ್ನು ತೆಗೆದಳು, ಕುರ್ಚಿಯೊಂದನ್ನು ಗೋಡೆಗೆ ಎಳೆದು ಹತ್ತಿದಳು, ಚೌಕದೊಳಗೆ ತನ್ನ ತೋಳಿನುದ್ದದ ಕೊಕ್ಕೆಯ ಅಕ್ಷರ ಬರೆದಳು. ಮನೆಗೆ ಬಂದ ಪ್ರತಿ ಕಾಗದದ ಮೇಲೂ ಮಾಡುತ್ತಿದ್ದ ಕೆಲಸ, ಇದು ಸ್ವಲ್ಪ ದೊಡ್ಡ ಕಾಗದ ಅಷ್ಟೇ. ಬರೆದು ಕೆಳಗಿಳಿದು ಪೆನ್ನಿಗೆ ಮುಚ್ಚಳ ಹಾಕಿದಳು. ಶಾಲೆಯ ಗೋಡೆ ಎಂದು ಮೇಷ್ಟರ ಬಾಯಿಂದ ಹೊರಟ ಮಾತು ಅರ್ಧಕ್ಕೇ ನಿಂತಿತು.

ಅಧ್ಯಕ್ಷೆ ಮಗುವನ್ನೇ ಕೇಳಿದರು, ಇದನ್ನು ಬರೆಯಲು ನಿನಗೆ ಯಾರು ಕಲಿಸಿದರು?

"ಇವಳು," ಎಂದು ಕಿೞುಕ್ ಜೀತಾಳನ್ನು ತೋರಿಸಿದಳು.

ಇವಳಿಗೆ ಯಾರು ಕಲಿಸಿದರು?

"ನಾನೇ."

ಸಭೆಯಲ್ಲಿ ಮತ್ತೆ ಎಲ್ಲರ ಹುಬ್ಬೂ ಏರಿತು. ಈ ಸಲ ಉತ್ತರ ಬರಲಿಲ್ಲ ಎಂದು ಯಾರೂ ಬರೆದುಕೊಳ್ಳಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮಂಡಳಿ ಒಪ್ಪಿ, ಸಂಖ್ಯೆ ಕೊಟ್ಟು, ಅದು ಫೋನುಗಳಿಗೆ ಇಳಿದು ಬರುವಷ್ಟರಲ್ಲಿ ಕಿೞುಕ್‌ಳ ಮುಂದಿನ ಹಲ್ಲು ಬಿದ್ದು ಹೊಸವು ಬಂದಿದ್ದವು. ಗೋಡೆಯ ಮೇಲಿನ ಅಕ್ಷರಕ್ಕೆ ಬಣ್ಣ ಬಳಿಯುವ ಧೈರ್ಯ ಯಾರಿಗೂ ಬರಲಿಲ್ಲ, ಮಕ್ಕಳು ಚೆಂಡನ್ನು ಅದಕ್ಕೇ ಗುರಿಯಿಟ್ಟು ಹೊಡೆಯುತ್ತಿದ್ದರು. ಅಕ್ಷರ ಬಂದ ದಿನ ಮನಾಸಿ ಫೋನು ಮಾಡಿ, ರೇಡಿಯೊದಲ್ಲಿ ಮಂಡಳಿಗೆ ಎರಡು ಒಳ್ಳೆಯ ಮಾತು ಹೇಳಿ ಅಕ್ಕ, ಮೇಲಿನವರು ಕೇಳುತ್ತಿರುತ್ತಾರೆ ಎಂದು ಬೇಡಿಕೊಂಡ. ಜೀತಾ ಆಗಲಿ ಎಂದು ಮೈಕಿನ ಮುಂದೆ ಕೂತಳು.

"ನಮ್ಮ ಅಕ್ಷರ ಬಂತು ಅಂತ ಎಲ್ಲರೂ ಹೇಳ್ತಿದಾರೆ. ಬರಕ್ಕೆ ಅದು ಎಲ್ಲಿಗೆ ಹೋಗಿತ್ತು? ನಮ್ಮ ಬೂಟಲ್ಲಿತ್ತು, ಜಾರುಬಂಡೀಲಿತ್ತು, ನಮ್ಮಮ್ಮನ ಬೆರಳಲ್ಲಿತ್ತು. ಅವರ ಡಬ್ಬೀಲಿ ಒಂದು ತೂತಿತ್ತು, ಈಗ ಮುಚ್ಚಿಕೊಂಡಿದಾರೆ. ಅವರ ತೂತು ಅವರು ಮುಚ್ಚಿಕೊಂಡಿದ್ದಕ್ಕೆ ನಾನ್ಯಾಕೆ ಕೈ ಮುಗೀಲಿ? ಅವರಿಗೆ ಒಳ್ಳೇದಾಗಲಿ, ಅಷ್ಟೇ. ಇನ್ನು ಆ ಬಿಲ್ಲೆ ವಿಷಯ..."

ಮೈಕಿನ ಪಕ್ಕದಲ್ಲಿ ಅವಳ ಫೋನು ಗುಂಯ್‌ಗುಟ್ಟಿತು. ತಮ್ಮನ ಫೋನಿಂದ ಬಂದ ಸಂದೇಶ, ಆದರೆ ಬರೆದವನು ತಮ್ಮನಲ್ಲ.

"ಮಗಳೇ, ಬಾಯಿ ಸಾಕು. ಚಾ ಆರ್ತಿದೆ, ಬಾ. ಸಕ್ಕರೆ ನಾನೇ ಹಾಕಿದೀನಿ. ಕಿೞುಕ್."

ಜೀತಾ ಕೊನೆಯ ಪದವನ್ನು ನೋಡಿದಳು. ಬೆರಳಿನಿಂದ ಸವರಿ ನೋಡಿದಳು. ಮೊದಲ ಅಕ್ಷರ, ಕೊಕ್ಕೆಯ ಅಕ್ಷರ, ಕೊನೆಯ ಅಕ್ಷರ, ಎಲ್ಲೂ ಚೌಕವಿಲ್ಲ. ಇಷ್ಟು ವರ್ಷ ಬಗ್ಗದವಳು ಮೈಕು ಮುಚ್ಚುವುದನ್ನೂ ಮರೆತು ಮುಖಕ್ಕೆ ಫೋನು ಒತ್ತಿಕೊಂಡು ಅತ್ತಳು. ಮನೆಮನೆಯ ರೇಡಿಯೊದಲ್ಲಿ ಮಾತು ನಿಂತುಹೋಯಿತು. ಹೊರಗೆ ಗಾಳಿ ಬೀಸುತ್ತಲೇ ಇತ್ತು. ಓವೀದ್ ಬಹಳ ಹೊತ್ತು ಕಿವಿಗೊಟ್ಟು ಕೇಳಿ, ಒಳ್ಳೆಯದೊಂದು ಮೀನಿನ ತಲೆ ಆರಿಸಿಕೊಂಡು ಅಕ್ಕನ ಮನೆಯ ಕಡೆ ಹೊರಟ.